ಹೊಲದ ಗಿಡ ಶಾಲೆಗೆ ಬರಲಿ: ಚಿಕ್ಕ ಮಕ್ಕಳಿಗೆ ಗಿಡದ ಭಾಗಗಳ ಪರಿಚಯ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಯ ವಿಷಯ ಗ್ರಾಮ ಪಂಚಾಯತಿಯ ಸಭೆಗೆ ಬಂದಾಗಲೆಲ್ಲ ಮೊದಲು ಚರ್ಚೆಗೆ ಬರುವುದು ಸೋರುವ ಚಾವಣಿ, ಬಿದ್ದ ಕಾಂಪೌಂಡ್ ಗೋಡೆ, ಕೆಟ್ಟು ನಿಂತ ಬೋರ್‌ವೆಲ್, ನೀರಿಲ್ಲದ ಶೌಚಾಲಯ. ಇವೆಲ್ಲ ಚರ್ಚೆಯಾಗಲೇಬೇಕಾದ ವಿಷಯಗಳೇ. ಆದರೆ ದುರಸ್ತಿಯಾದ ಆ ಕೊಠಡಿಯೊಳಗೆ ಕುಳಿತ ಮಗು ಏನನ್ನು ಕಲಿಯುತ್ತಿದೆ, ಹೇಗೆ ಕಲಿಯುತ್ತಿದೆ ಎಂಬ ಪ್ರಶ್ನೆ ಸಭಾ ನಡವಳಿ ಪುಸ್ತಕದಲ್ಲಿ ದಾಖಲಾಗುವುದು ವಿರಳ. ಅದು ಶಿಕ್ಷಣ ಇಲಾಖೆಯ ಕೆಲಸ, ಪಂಚಾಯತಿಯ ಕೆಲಸ ಗೋಡೆ ಕಟ್ಟಿಸುವವರೆಗೆ ಮಾತ್ರ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದೇ ಒಂದು ಚಿಕ್ಕ ಪಾಠವನ್ನು ಹಿಡಿದು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ಅಂಗನವಾಡಿಯಿಂದ ಐದನೇ ತರಗತಿಯವರೆಗೆ ಪ್ರತಿ ಮಗುವೂ ಒಂದಲ್ಲ ಒಂದು ರೂಪದಲ್ಲಿ ಕಲಿಯುವ ಆ ಪಾಠ, ಗಿಡದ ಭಾಗಗಳು.

ಚಿತ್ರಪಟದ ಗಿಡ, ಹೊಲದ ಗಿಡ

ಬಹುತೇಕ ಶಾಲೆಗಳ ಗೋಡೆಯ ಮೇಲೆ ಗಿಡದ ಒಂದು ಚಿತ್ರಪಟವಿರುತ್ತದೆ. ಕೆಳಗೆ ಕಂದು ಬಣ್ಣದ ಬೇರು, ನಡುವೆ ಹಸಿರು ಕಾಂಡ, ಅಕ್ಕಪಕ್ಕ ಎಲೆ, ಮೇಲೆ ಕೆಂಪು ಹೂವು. ಶಿಕ್ಷಕರು ಕೋಲಿನಿಂದ ತೋರಿಸಿದಂತೆ ಮಕ್ಕಳು ಒಕ್ಕೊರಲಿನಿಂದ ಹೆಸರು ಹೇಳುತ್ತಾರೆ. ಪರೀಕ್ಷೆಯಲ್ಲಿ ಅದೇ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸುತ್ತಾರೆ. ಅಂಕ ಬರುತ್ತದೆ. ಪಾಠ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ.

ಅದೇ ಮಕ್ಕಳ ಮುಂದೆ ಬೇರುಸಹಿತ ಕಿತ್ತು ತಂದ ಒಂದು ಶೇಂಗಾ ಗಿಡವನ್ನಿಟ್ಟು, ಮಣ್ಣಿನೊಳಗಿದ್ದ ಕಾಯಿಗಳನ್ನು ತೋರಿಸಿ, ಇದು ಯಾವ ಭಾಗ ಎಂದು ಕೇಳಿದರೆ ಅನೇಕರು ಬೇರು ಎನ್ನುತ್ತಾರೆ. ಉಳ್ಳಾಗಡ್ಡಿಯನ್ನು ತೋರಿಸಿದರೂ ಬೇರು, ಆಲೂಗಡ್ಡೆಯನ್ನು ತೋರಿಸಿದರೂ ಬೇರು. ಮಣ್ಣಿನೊಳಗೆ ಇರುವುದೆಲ್ಲ ಬೇರು ಎಂದು ಚಿತ್ರಪಟ ಅವರಿಗೆ ಕಲಿಸಿಬಿಟ್ಟಿದೆ. ವಾಸ್ತವದಲ್ಲಿ ಶೇಂಗಾ ಒಂದು ಕಾಯಿ. ಅದರ ಹಳದಿ ಹೂವು ನೆಲದ ಮೇಲೆಯೇ ಅರಳುತ್ತದೆ. ಹೂವು ಬಾಡಿದ ಬಳಿಕ ಸೂಜಿಯಂತಹ ಒಂದು ಎಳೆ ಕೆಳಮುಖವಾಗಿ ಬೆಳೆದು, ಮಣ್ಣನ್ನು ಹೊಕ್ಕು, ಅದರ ತುದಿ ಅಲ್ಲಿ ಕಾಯಾಗುತ್ತದೆ. ಉಳ್ಳಾಗಡ್ಡಿಯ ಪದರಗಳು ಎಲೆಗಳ ಉಬ್ಬಿದ ಬುಡಗಳು. ಅದರ ಕಾಂಡ ತಳದಲ್ಲಿರುವ ಚಪ್ಪಟೆ ಬಿಲ್ಲೆಯಷ್ಟೇ, ಬೇರು ಅದರಡಿಯ ಎಳೆಗಳ ಗೊಂಚಲು. ಆಲೂಗಡ್ಡೆ ಮಣ್ಣಿನೊಳಗೆ ದಪ್ಪಗಾದ ಕಾಂಡ, ಅದರ ಕಣ್ಣುಗಳಿಂದ ಚಿಗುರು ಒಡೆಯುವುದೇ ಅದಕ್ಕೆ ಸಾಕ್ಷಿ.

ಇಲ್ಲಿ ದೋಷ ಮಗುವಿನದಲ್ಲ. ಶೇಂಗಾ ಬೆಳೆಯುವ ಊರಿನ ಮಗುವಿಗೆ ಶಾಲೆಯಲ್ಲಿ ಶೇಂಗಾ ಗಿಡವನ್ನು ಯಾರೂ ಕೈಗೆ ಕೊಟ್ಟಿಲ್ಲ. ಹೊಲದಲ್ಲಿ ಕಂಡದ್ದು ಒಂದು ಲೋಕ, ಪುಸ್ತಕದಲ್ಲಿ ಓದಿದ್ದು ಇನ್ನೊಂದು ಲೋಕ ಎಂದು ಮಗು ಬಗೆಯುತ್ತದೆ. ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕು, ಕಂಠಪಾಠದಿಂದ ಮಗುವನ್ನು ಬಿಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲು, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆರಂಭಿಸಿದ ನಲಿ-ಕಲಿ ಪದ್ಧತಿ ಇದೇ ದಾರಿಯನ್ನು ತೋರಿಸಿತ್ತು. ಮಕ್ಕಳು ಗುಂಪಿನಲ್ಲಿ ಕುಳಿತು, ಕೈಯಿಂದ ಮಾಡುತ್ತ, ತಮ್ಮ ವೇಗದಲ್ಲಿ ಕಲಿಯುವ ಆ ಪದ್ಧತಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿ ನಡೆಯುತ್ತಿದೆ. ಪದ್ಧತಿ ಬಂದಿದೆ, ಹೊಲದ ಗಿಡ ಇನ್ನೂ ಶಾಲೆಯ ಹೊಸ್ತಿಲು ದಾಟಬೇಕಾಗಿದೆ.

ಮನೆಯ ಮಾತಿನಿಂದ ಪುಸ್ತಕದ ಮಾತಿಗೆ

ಮೂರರಿಂದ ಆರು ವರ್ಷದ ಅಂಗನವಾಡಿ ಮಗುವಿಗೆ ಆರು ಹೆಸರುಗಳು ಸಾಕು: ಬೇರು, ಕಾಂಡ, ಎಲೆ, ಹೂವು, ಕಾಯಿ, ಬೀಜ. ಒಂದರಿಂದ ಮೂರನೇ ತರಗತಿಯ ಮಗು ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂಬುದನ್ನು ನೋಡಿ ತಿಳಿಯಬೇಕು. ನಾಲ್ಕು ಮತ್ತು ಐದನೇ ತರಗತಿಗೆ ಬಂದಾಗ ಹೂವನ್ನು ಬಿಡಿಸಿ ನೋಡುವ ವಯಸ್ಸು ಬರುತ್ತದೆ. ಈ ಮೆಟ್ಟಿಲುಗಳನ್ನು ಬಿಟ್ಟು ಅಂಗನವಾಡಿಯಲ್ಲಿಯೇ ಅಂಡಾಶಯ, ಪರಾಗಕೋಶ ಎಂದು ಬಾಯಿಪಾಠ ಮಾಡಿಸಿದರೆ ಮಗು ಶಬ್ದ ಕಲಿಯುತ್ತದೆ, ಗಿಡವನ್ನು ಕಲಿಯುವುದಿಲ್ಲ.

ಇನ್ನೊಂದು ಮಾತು ಭಾಷೆಯದು. ಊರಿನ ಮಗು ಎಲೆಗೆ ತೊಪ್ಪಲು ಎನ್ನುತ್ತದೆ, ಕಾಂಡಕ್ಕೆ ದಂಟು ಎನ್ನುತ್ತದೆ, ಬೀಜಕ್ಕೆ ಕಾಳು ಎನ್ನುತ್ತದೆ. ಕಲಘಟಗಿ ತಾಲ್ಲೂಕಿನ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಗೌಳಿ ಕುಟುಂಬಗಳ ಮಕ್ಕಳು, ಉರ್ದು ಮನೆಮಾತಿನ ಮಕ್ಕಳು ತಮ್ಮ ತಮ್ಮ ಹೆಸರುಗಳನ್ನು ತಂದಿರುತ್ತಾರೆ. ಆ ಹೆಸರು ತಪ್ಪು ಎಂದು ಮೊದಲ ದಿನವೇ ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯ ಹೆಸರನ್ನು ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿ ಪುಸ್ತಕದ ಹೆಸರನ್ನು ಬರೆದರೆ ಮಗುವಿಗೆ ಎರಡೂ ದಕ್ಕುತ್ತವೆ. ದ್ವಿದಳ ಧಾನ್ಯ ಎಂಬ ಮಾತು ಶಾಲೆಯ ಮಗುವಿಗೆ ಕಠಿಣವೆನಿಸಬಹುದು. ಆದರೆ ಅಡುಗೆಮನೆಯ ಬೇಳೆ ಎಂಬುದು ಬೀಜದ ಎರಡು ದಳಗಳಲ್ಲಿ ಒಂದು ಎಂದು ತೋರಿಸಿದ ಕೂಡಲೇ ಆ ಕಠಿಣ ಮಾತು ಮನೆಯ ಮಾತಾಗುತ್ತದೆ.

ಬೇರು, ಕಾಂಡ, ಎಲೆ

ಧಾರವಾಡ ಜಿಲ್ಲೆಯ ಬೇಸಾಯದ ವರ್ಷ ಮತ್ತು ಶಾಲೆಯ ವರ್ಷ ಹೆಚ್ಚು ಕಡಿಮೆ ಒಟ್ಟಿಗೆ ಸಾಗುತ್ತವೆ. ಶಾಲೆ ತೆರೆಯುವ ಹೊತ್ತಿಗೆ ನವಲಗುಂದ ಮತ್ತು ಅಣ್ಣಿಗೇರಿಯ ಎರೆ ಭೂಮಿಯಲ್ಲಿ ಹೆಸರು ಬಿತ್ತನೆ ನಡೆದಿರುತ್ತದೆ. ಜುಲೈ ತಿಂಗಳಲ್ಲಿ ಅದು ಹೂವಿಗೆ ಬರುತ್ತದೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಕುಂದಗೋಳದ ಹೊಲಗಳಲ್ಲಿ ಹತ್ತಿ ಮತ್ತು ಮೆಣಸಿನಗಿಡ ಹೂಬಿಡುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಹಿಂಗಾರಿನ ಕಡಲೆ, ಜೋಳ, ಕುಸುಬೆ ಬೆಳೆದು ನಿಂತಿರುತ್ತವೆ. ಹೊಸ ವರ್ಷದ ಆರಂಭದಲ್ಲಿ ಕಲಘಟಗಿಯ ಮಾವಿನ ತೋಪುಗಳು ಹೂವಾಡುತ್ತವೆ. ಹೀಗೆ ಪಾಠಕ್ಕೆ ಬೇಕಾದ ಗಿಡ ಯಾವ ತಿಂಗಳಲ್ಲೂ ಊರಿನಲ್ಲಿ ಇಲ್ಲದೆ ಇರುವುದಿಲ್ಲ. ಗಿಡವನ್ನು ಹಾಳು ಮಾಡಬೇಕಾದ ಅಗತ್ಯವೂ ಇಲ್ಲ. ದಟ್ಟವಾಗಿ ಹುಟ್ಟಿದ ಸಾಲಿನಲ್ಲಿ ರೈತರು ಹೇಗಿದ್ದರೂ ಹೆಚ್ಚಿನ ಸಸಿಗಳನ್ನು ಕೀಳುತ್ತಾರೆ. ಅವುಗಳಲ್ಲಿ ಹತ್ತು ಸಸಿ ಶಾಲೆಗೆ ಬಂದರೆ ಒಂದು ತರಗತಿಗೆ ಸಾಕು.

ಹೆಸರಿನ ಒಂದು ಸಸಿ, ಜೋಳ ಅಥವಾ ಗೋವಿನಜೋಳದ ಒಂದು ಸಸಿಯನ್ನು ಮಣ್ಣು ತೊಳೆದು ಪಕ್ಕಪಕ್ಕದಲ್ಲಿಟ್ಟರೆ ಅರ್ಧ ಪಾಠ ತಾನಾಗಿ ಆಗುತ್ತದೆ. ಹೆಸರಿಗೆ ನೇರ ಕೆಳಗಿಳಿಯುವ ಒಂದು ತಾಯಿಬೇರು, ಜೋಳಕ್ಕೆ ಬುಡದಿಂದ ಹೊರಡುವ ಗೊಂಚಲು ಬೇರು. ಹೆಸರಿನ ಎಲೆಯಲ್ಲಿ ಬಲೆಯಂತೆ ಹೆಣೆದ ನರಗಳು, ಜೋಳದ ಎಲೆಯಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ಓಡುವ ನರಗಳು. ಹೆಸರುಕಾಳನ್ನು ನೆನೆಸಿ ಒತ್ತಿದರೆ ಎರಡು ಬೇಳೆಯಾಗುತ್ತದೆ, ಜೋಳದ ಕಾಳು ಹಾಗೆ ಎರಡಾಗುವುದಿಲ್ಲ. ಇವು ಮೂರೂ ಸಾಮಾನ್ಯವಾಗಿ ಜೊತೆಜೊತೆಯಾಗಿ ಇರುತ್ತವೆ ಎಂಬುದು ಮಗುವಿಗೆ ದೊಡ್ಡ ಶೋಧ. ಆ ಬಳಿಕ ಎಲೆಯನ್ನಷ್ಟೇ ತೋರಿಸಿ ಬೇರು ಹೇಗಿರಬಹುದು ಎಂದು ಕೇಳಬೇಕು. ಮಗು ಊಹಿಸಬೇಕು, ಗಿಡ ಕಿತ್ತು ಊಹೆಯನ್ನು ಪರೀಕ್ಷಿಸಬೇಕು. ವಿಜ್ಞಾನ ಎಂದರೆ ಇದೇ. ಇದಕ್ಕೆ ಪ್ರಯೋಗಾಲಯದ ಕಟ್ಟಡ ಬೇಕಿಲ್ಲ.

ಹೆಸರಿನ ಬೇರಿನಲ್ಲಿ ಚಿಕ್ಕ ಚಿಕ್ಕ ಗಂಟುಗಳಿರುತ್ತವೆ. ಕೆಲವು ಮಕ್ಕಳು ಅದನ್ನು ರೋಗವೆಂದು ಭಾವಿಸುತ್ತಾರೆ. ಆ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಹೆಸರು ತೆಗೆದ ಹೊಲದಲ್ಲಿ ಹಿಂಗಾರಿ ಚೆನ್ನಾಗಿ ಬರುತ್ತದೆ ಎಂದು ಹಿರಿಯರು ಹೇಳುವ ಮಾತಿಗೆ ಕಾರಣ ಮಗುವಿನ ಅಂಗೈಯಲ್ಲಿಯೇ ಕಾಣುತ್ತದೆ. ಹಾಗೆಯೇ ಮಳೆಯೇ ಇಲ್ಲದ ಡಿಸೆಂಬರ್‌ನಲ್ಲಿ ಕಡಲೆ ಹಸಿರಾಗಿರುವುದು ಹೇಗೆ ಎಂದು ಕೇಳಿದರೆ ಉತ್ತರ ಬೇರಿನಲ್ಲಿದೆ. ಎರೆ ಮಣ್ಣು ಮಳೆಗಾಲದ ನೀರನ್ನು ತನ್ನ ಒಡಲಲ್ಲಿ ಹಿಡಿದಿಟ್ಟಿರುತ್ತದೆ, ಕಡಲೆಯ ತಾಯಿಬೇರು ಆಳಕ್ಕಿಳಿದು ಅದನ್ನು ಹುಡುಕುತ್ತದೆ.

ಕಾಂಡ ಮತ್ತು ಎಲೆಯ ಕೆಲಸವನ್ನು ಪಂಚಾಯತಿ ಸದಸ್ಯರಿಗೆ ಪರಿಚಿತವಾದ ಕುಡಿಯುವ ನೀರಿನ ಯೋಜನೆಯ ಮೂಲಕ ವಿವರಿಸಬಹುದು. ಬೇರು ನೀರಿನ ಮೂಲ, ಕಾಂಡ ಕೊಳವೆಮಾರ್ಗ, ಎಲೆ ಕೊನೆಯ ನಲ್ಲಿ. ಆದರೆ ಗಿಡದಲ್ಲಿ ಮೋಟಾರು ಇಲ್ಲ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ ಕೆಳಗಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಬಿಸಿಲಿನಲ್ಲಿರುವ ಎಲೆಯ ಕೊಂಬೆಯೊಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಕಟ್ಟಿಟ್ಟರೆ, ಬಿಡುವಿನ ವೇಳೆಯ ಬಳಿಕ ಒಳಗೆ ನೀರಹನಿ ಕೂತಿರುವುದನ್ನು ಮಕ್ಕಳು ಕಾಣುತ್ತಾರೆ. ಬಿಳಿ ಸೇವಂತಿಗೆಯ ದಂಟನ್ನು ಬಣ್ಣದ ನೀರಿನಲ್ಲಿ ನಿಲ್ಲಿಸಿದರೆ ಮರುದಿನ ಎಸಳುಗಳಲ್ಲಿ ಆ ಬಣ್ಣ ಏರಿರುತ್ತದೆ. ಎಲೆ ಬಿಸಿಲು, ಗಾಳಿ, ನೀರನ್ನು ಬಳಸಿ ಗಿಡಕ್ಕೆ ಆಹಾರ ತಯಾರಿಸುತ್ತದೆ ಎಂಬ ಮುಂದಿನ ಮಾತನ್ನು ಮಗು ಆಗ ಸುಲಭವಾಗಿ ಒಪ್ಪುತ್ತದೆ.

ಹೂವು ಕಾಯಾಗುವ ಪರಿ

ಹೂವು ಅಂದಕ್ಕಾಗಿ, ದೇವರ ಪೂಜೆಗಾಗಿ, ಮುಡಿಯುವುದಕ್ಕಾಗಿ ಇದೆಯೆಂದು ಮಗು ತಿಳಿದಿರುತ್ತದೆ. ಗಿಡದ ಪಾಲಿಗೆ ಹೂವು ಬೀಜ ಕಟ್ಟುವ ಅಂಗ. ಇದನ್ನು ತೋರಿಸಲು ದಾಸವಾಳ, ಬೆಂಡೆ ಅಥವಾ ಹತ್ತಿಯ ಹೂವು ಅನುಕೂಲ. ಮೂರೂ ಒಂದೇ ಕುಟುಂಬಕ್ಕೆ ಸೇರಿದವು, ದೊಡ್ಡವು, ಬಿಡಿಸಲು ಸುಲಭವಾದವು. ಹೊರಗಿನ ಹಸಿರು ಹೊದಿಕೆ ಮೊಗ್ಗನ್ನು ಕಾಯ್ದ ಪುಷ್ಪಪತ್ರ. ಒಳಗಿನ ಬಣ್ಣದ ಐದು ಎಸಳುಗಳು ದಳಗಳು. ನಡುವಿನ ಕೊಳವೆಯ ಮೇಲೆ ಹುಡಿ ತುಂಬಿದ ಪುಟ್ಟ ಗುಂಡುಗಳು ಕೇಸರ, ಆ ಹುಡಿಯೇ ಪರಾಗ. ಕೊಳವೆಯೊಳಗಿಂದ ಹಾದು ತುದಿಯಲ್ಲಿ ಹೊರಗೆ ಇಣುಕುವುದು ಶಲಾಕೆ, ಅದರ ಬುಡದಲ್ಲಿರುವ ಪುಟ್ಟ ಉಬ್ಬು ಅಂಡಾಶಯ. ಪರಾಗ ಶಲಾಕೆಯ ತುದಿಗೆ ತಲುಪಿ ಕಾರ್ಯ ನೆರವೇರಿದ ಬಳಿಕ ದಳ ಉದುರುತ್ತದೆ, ಅಂಡಾಶಯ ಉಳಿದು ಕಾಯಾಗುತ್ತದೆ, ಅದರೊಳಗಿನ ಅಂಡಕಗಳು ಬೀಜವಾಗುತ್ತವೆ.

ಇದನ್ನು ಒಂದೇ ದಿನದಲ್ಲಿ ಹೇಳಿ ಮುಗಿಸದೆ, ಒಂದೇ ಗಿಡದ ಒಂದು ಹೂವಿಗೆ ದಾರ ಕಟ್ಟಿ ದಿನವೂ ನೋಡಲು ಬಿಡುವುದು ಉತ್ತಮ. ಬೆಂಡೆ ಗಿಡದಲ್ಲಿ ಹೂವು ಒಂದೇ ದಿನ ಅರಳಿ ಮುದುಡುತ್ತದೆ, ಕೆಲವೇ ದಿನಗಳಲ್ಲಿ ಕಾಯಿ ಕೈಗೆ ಬರುತ್ತದೆ. ದಿನಕ್ಕೊಂದು ಚಿತ್ರ ಬರೆದ ಮಗು ಹೂವು ಕಾಯಾಗುವುದನ್ನು ತಾನೇ ಕಂಡಿರುತ್ತದೆ, ಅದನ್ನು ಮರೆಯುವುದಿಲ್ಲ. ಶಾಲೆಯ ಬೇಲಿಗೆ ಹಬ್ಬಿಸಿದ ಕುಂಬಳ ಅಥವಾ ಹೀರೆಯ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಹೀಚು ಮೊದಲೇ ಇರುತ್ತದೆ. ಇದನ್ನು ಬಲ್ಲ ಅಜ್ಜಿಯಂದಿರು ಪ್ರತಿ ಓಣಿಯಲ್ಲಿದ್ದಾರೆ. ಅವರಲ್ಲಿ ಒಬ್ಬರು ತಿಂಗಳಿಗೊಮ್ಮೆ ಅರ್ಧ ಗಂಟೆ ಶಾಲೆಗೆ ಬಂದು ಮಾತನಾಡಿದರೆ ಶಿಕ್ಷಕರಿಗೂ ಹೊಸದು ದೊರೆಯುತ್ತದೆ.

ಬಿಸಿಯೂಟದ ಅಡುಗೆಮನೆಯೂ ಒಂದು ಪಾಠಶಾಲೆ. ಮೆಣಸಿನಕಾಯಿಯ ತೊಟ್ಟಿನ ಬುಡದಲ್ಲಿರುವ ಹಸಿರು ಟೊಪ್ಪಿಗೆ, ಬದನೆಕಾಯಿಯ ತಲೆಯ ಮೇಲಿನ ಮುಳ್ಳಿನ ಟೊಪ್ಪಿಗೆ ಹೂವಿನ ಕಾಲದ ಪುಷ್ಪಪತ್ರಗಳೇ. ಹೂವು ಹೋದರೂ ಅವು ಕಾಯಿಯೊಡನೆ ಉಳಿದುಕೊಂಡಿವೆ. ಮೂಲಂಗಿ ಮತ್ತು ಗಜ್ಜರಿ ಬೇರು, ಮೆಂತ್ಯ ಮತ್ತು ಪಾಲಕ ಎಲೆ, ಹೂಕೋಸು ಹೂಗೊಂಚಲು, ಟೊಮೆಟೊ ಹಣ್ಣು, ಹೆಸರುಕಾಳು ಬೀಜ. ತಟ್ಟೆಯಲ್ಲಿರುವುದು ಗಿಡದ ಯಾವ ಭಾಗ ಎಂದು ಊಟದ ಸಾಲಿನಲ್ಲಿ ಕೇಳುವ ಒಂದು ಪ್ರಶ್ನೆಗೆ ಯಾವ ಅನುದಾನವೂ ಬೇಕಿಲ್ಲ.

ಹೂವನ್ನು ತಿಳಿದ ಮಗುವಿಗೆ ತನ್ನ ಮನೆಯ ಆತಂಕವೂ ತಿಳಿಯುತ್ತದೆ. ಹೆಸರು ಹೂಬಿಟ್ಟಾಗ ಜಡಿಮಳೆ ಹಿಡಿದರೆ ತಂದೆ ಆಕಾಶ ನೋಡುತ್ತ ಕೂರುವುದೇಕೆ, ಹೂವು ಉದುರಿತು ಎಂದು ತಾಯಿ ನಿಟ್ಟುಸಿರು ಬಿಡುವುದೇಕೆ, ಸೂರ್ಯಪಾನ ಹೂಬಿಟ್ಟ ಹೊಲಕ್ಕೆ ಜೇನು ಬರುವ ಹೊತ್ತಿನಲ್ಲಿ ಕೀಟನಾಶಕ ಹೊಡೆಯಬಾರದು ಎನ್ನುವುದೇಕೆ, ಇವೆಲ್ಲದರ ಉತ್ತರ ಆ ಪುಟ್ಟ ಪಾಠದಲ್ಲಿದೆ.

ಧಾರವಾಡದ ಹತ್ತಿ ಹೂವು ಹೇಳುವ ಮಾತು

ಹೂವಿನ ಭಾಗಗಳ ಜ್ಞಾನ ಧಾರವಾಡಕ್ಕೆ ಹೊರಗಿನಿಂದ ಬಂದ ಸಂಗತಿಯಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿ ಬಿಡುಗಡೆಯಾಯಿತು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಪಡೆದ ತಳಿ ಅದು. 1981ರಲ್ಲಿ ಇಲ್ಲಿಂದಲೇ ಡಿಸಿಎಚ್-32, ಅಂದರೆ ರೈತರ ಬಾಯಲ್ಲಿ ಜಯಲಕ್ಷ್ಮಿ, ಬಂದಿತು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲೇ ಈ ನೆಲದ ಹತ್ತಿ ಹೂವು ದೇಶದ ಬೇಸಾಯದಲ್ಲಿ ಹೆಸರು ಮಾಡಿತ್ತು.

ಇಂತಹ ಮಿಶ್ರತಳಿಯ ಬೀಜ ತಯಾರಾಗುವುದು ಹೂವಿನ ಭಾಗಗಳನ್ನು ಬಲ್ಲ ಕೈಗಳಿಂದ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಅದರ ದಳವನ್ನೂ ಕೇಸರವನ್ನೂ ಉಗುರಿನಿಂದ ಬಿಡಿಸಿ ತೆಗೆದು, ಶಲಾಕೆಗೆ ಪೆಟ್ಟಾಗದಂತೆ ಉಳಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದರ ತುದಿಗೆ ಸವರಬೇಕು. ಒಂದೊಂದು ಹೂವಿಗೂ ಹೀಗೆಯೇ. ಈ ಕೆಲಸಕ್ಕೆ ಚಿಕ್ಕ ಬೆರಳುಗಳು ಬೇಕು, ಗಿಡದ ಎತ್ತರ ಮಕ್ಕಳಿಗೆ ಸರಿಹೊಂದುತ್ತದೆ ಎಂಬ ನೆಪದಲ್ಲಿ ಕರ್ನಾಟಕ, ಆಂಧ್ರಪ್ರದೇಶ, ಗುಜರಾತ್‌ಗಳ ಬೀಜೋತ್ಪಾದನೆಯ ಹೊಲಗಳಲ್ಲಿ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ದುಡಿಸಿಕೊಂಡ ಸಂಗತಿ ದಾಖಲಾಗಿದೆ. ಕೇಸರ ಯಾವುದು, ಶಲಾಕೆ ಯಾವುದು ಎಂಬುದು ಆ ಹೆಣ್ಣುಮಗುವಿನ ಉಗುರಿಗೆ ಗೊತ್ತಿತ್ತು. ಅದರ ಹೆಸರನ್ನು ಓದುವ ಅವಕಾಶ ಅವಳಿಗೆ ಇರಲಿಲ್ಲ. ಅದೇ ಸಮಯದಲ್ಲಿ ಶಾಲೆಯಲ್ಲಿ ಕುಳಿತ ಮಗು ಹೆಸರುಗಳನ್ನು ಒಪ್ಪಿಸುತ್ತಿತ್ತು, ಹೂವನ್ನು ಮುಟ್ಟಿರಲಿಲ್ಲ. ಒಂದು ಮಗುವಿನ ಶಾಲೆಯನ್ನು ಹೊಲ ಕಸಿದುಕೊಂಡಿತು, ಇನ್ನೊಂದು ಮಗುವಿನಿಂದ ಹೊಲವನ್ನು ಶಾಲೆ ದೂರವಿಟ್ಟಿತು. ಇಬ್ಬರಿಗೂ ಆದದ್ದು ನಷ್ಟವೇ.

2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. ಶಾಲೆಯ ಅವಧಿಯ ಹೊರಗೆ, ಅಪಾಯಕಾರಿಯಲ್ಲದ ಕೆಲಸದಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗುವುದಕ್ಕೆ ಕಾನೂನು ಅವಕಾಶ ಕೊಟ್ಟಿದೆ. ಹೀಗಿದ್ದರೂ ಹತ್ತಿ ಬಿಡಿಸುವ ಮತ್ತು ಮೆಣಸಿನಕಾಯಿ ಹರಿಯುವ ಹಂಗಾಮಿನಲ್ಲಿ ಹಾಜರಿ ಪುಸ್ತಕದ ಸಾಲುಗಳು ಖಾಲಿಯಾಗುವುದನ್ನು, ದುಡಿಮೆಗೆ ಗುಳೆ ಹೋದ ಕುಟುಂಬದೊಡನೆ ಮಕ್ಕಳು ಊರು ಬಿಡುವುದನ್ನು ಕಾಣದ ಸದಸ್ಯರು ಕಡಿಮೆ. ಹದಿನೈದು ದಿನ ಹೊಲದಲ್ಲಿದ್ದು ಮರಳಿ ಬಂದ ಮಗುವನ್ನು ತರಗತಿ ದಡ್ಡನೆಂದು ಹಿಂದಿನ ಸಾಲಿಗೆ ತಳ್ಳುತ್ತದೆ. ಹತ್ತಿಯ ಕಾಯಿ ಎಷ್ಟು ತೊಳೆಯಾಗಿ ಒಡೆಯುತ್ತದೆ, ಅರಳೆ ಬೀಜಕ್ಕೆ ಹೇಗೆ ಅಂಟಿರುತ್ತದೆ ಎಂದು ಆ ಮಗುವನ್ನು ಕೇಳಿದರೆ ಉತ್ತರ ಅದರ ಬಳಿ ಇದೆ. ಹತ್ತಿಯ ಪ್ರತಿಯೊಂದು ಎಳೆಯೂ ಬೀಜದ ಸಿಪ್ಪೆಯ ಮೇಲೆ ಉದ್ದಕ್ಕೆ ಬೆಳೆದ ಒಂದೇ ಒಂದು ಜೀವಕೋಶ ಎಂಬ ಅಚ್ಚರಿಯನ್ನು ಶಿಕ್ಷಕರು ಆ ಉತ್ತರಕ್ಕೆ ಜೋಡಿಸಬಹುದು. ತನಗೆ ಗೊತ್ತಿರುವುದೂ ಪಾಠವೇ ಎಂದು ಅರಿತ ಮಗು ಮರುದಿನವೂ ಶಾಲೆಗೆ ಬರುತ್ತದೆ. ಗಿಡದ ಭಾಗಗಳ ಪಾಠ ಹಾಜರಿಯ ಪ್ರಶ್ನೆಯೂ ಆಗುವುದು ಹೀಗೆ.

ಜಾಗ್ರತೆಯ ಮಾತು

ಹೊಲಕ್ಕೆ ಮಕ್ಕಳನ್ನು ಕರೆದೊಯ್ಯುವುದು ಯೋಚಿಸಿ ಮಾಡಬೇಕಾದ ಕೆಲಸ. ಹತ್ತಿ ಮತ್ತು ಮೆಣಸಿನ ಬೆಳೆಗೆ ಕೀಟನಾಶಕದ ಸಿಂಪಡಣೆ ಹೆಚ್ಚು. ಸಿಂಪಡಿಸಿದ ಹೊಲಕ್ಕೆ ಮಕ್ಕಳನ್ನು ಬಿಡಬಾರದು, ಆ ಹೊಲದ ಹೂವನ್ನು ಶಾಲೆಗೆ ತರಬಾರದು, ಮೊದಲೇ ರೈತರನ್ನು ವಿಚಾರಿಸಬೇಕು. ದತ್ತೂರಿ, ಕಣಗಿಲ, ಹರಳಿನ ಬೀಜ ವಿಷಕಾರಿ, ಎಕ್ಕೆಯ ಹಾಲು ಕಣ್ಣಿಗೆ ಅಪಾಯ, ಕಾಂಗ್ರೆಸ್ ಕಸ ಮೈಗೆ ಸೋಕಿದರೆ ತುರಿಕೆ ತರುತ್ತದೆ. ಇವುಗಳನ್ನು ದೂರದಿಂದ ಗುರುತಿಸಲು ಕಲಿಸುವುದೂ ಪಾಠದ ಭಾಗವೇ. ಬ್ಲೇಡು ಶಿಕ್ಷಕರ ಕೈಯಲ್ಲಿರಲಿ, ಪಾಠದ ಬಳಿಕ ಸಾಬೂನಿನಿಂದ ಕೈ ತೊಳೆಯಲಿ. ಬೇಲಿಯಿಲ್ಲದ ಕೃಷಿ ಹೊಂಡ ಮತ್ತು ತೆರೆದ ಬಾವಿಯ ದಾರಿಯನ್ನು ಬಿಡಬೇಕು. ಅಂತಹ ಹೊಂಡಗಳಿಗೆ ಬೇಲಿ ಹಾಕಿಸುವಂತೆ ಮಾಲೀಕರಿಗೆ ತಿಳಿಸುವುದು ಹೇಗೂ ಪಂಚಾಯತಿಯ ಕರ್ತವ್ಯ.

ಪಂಚಾಯತಿಯ ಹೊಣೆ ಮತ್ತು ಅಧಿಕಾರ

ಇಷ್ಟೆಲ್ಲ ಶಿಕ್ಷಕರ ಕೆಲಸವಾದರೆ ಸದಸ್ಯರ ಪಾತ್ರವೇನು ಎಂಬ ಪ್ರಶ್ನೆ ಸಹಜ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರಾಥಮಿಕ ಶಿಕ್ಷಣ, ಗ್ರಂಥಾಲಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅವುಗಳಲ್ಲಿ ಸೇರಿವೆ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳ ದಾಖಲಾತಿ ಮತ್ತು ಹಾಜರಿಯನ್ನು ನೋಡಿಕೊಳ್ಳುವ, ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವ ಕರ್ತವ್ಯವನ್ನು ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸಿದೆ. ಅದೇ ಕಾಯಿದೆಯ 29ನೇ ಪ್ರಕರಣವು ಮಕ್ಕಳ ಕಲಿಕೆ ಚಟುವಟಿಕೆ, ಅನ್ವೇಷಣೆ ಮತ್ತು ಶೋಧನೆಯ ಮೂಲಕ ನಡೆಯಬೇಕೆಂದು, ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ನಡೆಯಬೇಕೆಂದು ಹೇಳುತ್ತದೆ. ಶಾಲಾ ಪೌಷ್ಟಿಕ ತೋಟಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಅಧಿಕಾರ ಮತ್ತು ಆಧಾರ ಎರಡೂ ಇವೆ. ಬೇಕಾಗಿರುವುದು ನೆಲ, ನೀರು, ಬೇಲಿ ಮತ್ತು ಒಂದು ನಿರ್ಣಯ. ಈ ನಾಲ್ಕೂ ಪಂಚಾಯತಿಯ ಕೈಯಲ್ಲಿವೆ.

ಶಾಲೆಯ ಹಿಂದೆ ಒಂದೆರಡು ಗುಂಟೆ ಜಾಗ ಖಾಲಿ ಇರುವ ಊರುಗಳು ಅನೇಕ. ಅಲ್ಲಿ ಹತ್ತಿಕಟ್ಟಿಗೆಯ ಬಣವೆ, ತಿಪ್ಪೆ, ನಿಂತ ಟ್ರ್ಯಾಕ್ಟರ್ ಟ್ರೇಲರ್ ಕಾಣಸಿಗುತ್ತವೆ. ಅದನ್ನು ತೆರವುಗೊಳಿಸುವಂತೆ ಹೇಳಲು ಮುಖ್ಯ ಶಿಕ್ಷಕರಿಗೆ ಸಂಕೋಚ, ಏಕೆಂದರೆ ಅವರು ಪರ ಊರಿನವರು, ಬಣವೆ ಊರಿನವರದು. ಆ ಮಾತನ್ನು ಸೌಹಾರ್ದದಿಂದ, ಆದರೆ ದೃಢವಾಗಿ ಹೇಳಬಲ್ಲವರು ಆ ವಾರ್ಡಿನ ಸದಸ್ಯರು ಮಾತ್ರ. ಕೈತೋಟ ಆಗುತ್ತದೆಯೋ ಇಲ್ಲವೋ ಎಂಬುದು ಬಹಳಷ್ಟು ಸಂದರ್ಭಗಳಲ್ಲಿ ಈ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಮುಂಬರುವ ಸಾಮಾನ್ಯ ಸಭೆಯಲ್ಲಿ ಸದಸ್ಯರು ಪರಿಗಣಿಸಬಹುದಾದ ಅಂಶಗಳು ಹೀಗಿವೆ:

1. ಪ್ರತಿ ಸರ್ಕಾರಿ ಶಾಲೆ ಮತ್ತು ಅಂಗನವಾಡಿಗೆ ಕನಿಷ್ಠ ನಾಲ್ಕು ಪಾತಿಗಳ ಕಲಿಕಾ ತೋಟಕ್ಕೆ ಜಾಗ ಗುರುತಿಸಿ, ಅತಿಕ್ರಮಣವಿದ್ದರೆ ತೆರವುಗೊಳಿಸುವುದು. ಒಂದು ಪಾತಿಯಲ್ಲಿ ಹೆಸರು ಅಥವಾ ಕಡಲೆ, ಒಂದರಲ್ಲಿ ಜೋಳ, ಒಂದರಲ್ಲಿ ಬೆಂಡೆ, ಬದನೆ, ಮೆಣಸು, ಒಂದರಲ್ಲಿ ಸೊಪ್ಪು ಮತ್ತು ಉಳ್ಳಾಗಡ್ಡಿ ಇರಲಿ. ಬೇಲಿಗೆ ಹೀರೆ, ಕುಂಬಳದ ಬಳ್ಳಿ ಹಬ್ಬಲಿ.

2. ಕೈ ತೊಳೆಯುವ ಜಾಗದ ನೀರು ಪಾತಿಗಳಿಗೆ ಹರಿಯುವಂತೆ ಸಣ್ಣ ಕಾಲುವೆ ಮಾಡಿಸುವುದು. ಬೇಸಿಗೆ ರಜೆಯಲ್ಲಿ ತೋಟ ಒಣಗದಂತೆ ನೋಡಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ಹೆಸರಿಸಿ ವಹಿಸುವುದು.

3. ಬೇಲಿ ಮತ್ತು ನೀರಿನ ಕಾಮಗಾರಿಯನ್ನು ನಿಯಮಗಳು ಅವಕಾಶ ಕೊಡುವ ಯೋಜನೆಯಡಿ ವಾರ್ಷಿಕ ಕ್ರಿಯಾ ಯೋಜನೆಗೆ ಸೇರಿಸುವುದು.

4. ತಿಂಗಳಿಗೊಬ್ಬ ಅನುಭವಿ ರೈತ ಅಥವಾ ರೈತ ಮಹಿಳೆಯನ್ನು ಶಾಲೆಗೆ ಆಹ್ವಾನಿಸಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಮಾತನಾಡುವುದು.

5. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸಸ್ಯಗಳ ಕುರಿತ ಮಕ್ಕಳ ಪುಸ್ತಕಗಳ ಜೊತೆಗೆ, ಶಿಕ್ಷಕರ ಓದಿಗಾಗಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇರುವಂತೆ ನೋಡಿಕೊಳ್ಳುವುದು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳನ್ನು ಪರಿಚಯಿಸಿದ ಸಸ್ಯಶಾಸ್ತ್ರಜ್ಞರ ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

6. ಹತ್ತಿ ಮತ್ತು ಮೆಣಸಿನಕಾಯಿ ಹಂಗಾಮಿನ ತಿಂಗಳುಗಳಲ್ಲಿ ಪ್ರತಿ ಸಭೆಗೂ ಶಾಲಾ ಹಾಜರಿಯ ವರದಿ ತರಿಸಿ ಚರ್ಚಿಸುವುದು. ಗೈರುಹಾಜರಾದ ಮಗುವಿನ ಮನೆಗೆ ಆ ವಾರ್ಡಿನ ಸದಸ್ಯರು ಒಮ್ಮೆ ಭೇಟಿ ನೀಡುವುದು.

7. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ತೋಟದ ಗಿಡವನ್ನು ತಂದು ವಿವರಿಸಲು ಹದಿನೈದು ನಿಮಿಷ ಮೀಸಲಿಡುವುದು.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಮಕ್ಕಳ ಗ್ರಾಮಸಭೆಗೆ ಬಂದ ಹೆಣ್ಣುಮಗುವೊಬ್ಬಳು ಬೇರುಸಹಿತ ಕಡಲೆ ಗಿಡವನ್ನು ಹಿಡಿದು, ಇದು ತಾಯಿಬೇರು, ಇದು ದಂಟು, ಪುಸ್ತಕದಲ್ಲಿ ಇದಕ್ಕೆ ಕಾಂಡ ಎನ್ನುತ್ತಾರೆ, ಈ ಹೂವು ಉದುರಿದ ಜಾಗದಲ್ಲಿ ಕಾಯಿ ಕಟ್ಟುತ್ತದೆ ಎಂದು ಊರಿನ ಹಿರಿಯರ ಮುಂದೆ ಅಳುಕಿಲ್ಲದೆ ಹೇಳಿದರೆ, ಆ ಶಾಲೆಯಲ್ಲಿ ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಬೇರೆ ವರದಿ ಬೇಕಾಗುವುದಿಲ್ಲ. ಅವಳು ಮುಂದೆ ಕೃಷಿ ವಿಜ್ಞಾನಿಯಾಗಬಹುದು, ಹೊಲವನ್ನೇ ನೋಡಿಕೊಳ್ಳಬಹುದು, ಇದೇ ಪಂಚಾಯತಿಯ ಸದಸ್ಯೆಯಾಗಿಯೂ ಬರಬಹುದು. ಯಾವ ದಾರಿ ಹಿಡಿದರೂ ಕಂಡದ್ದನ್ನು ಪ್ರಶ್ನಿಸುವ, ಪರೀಕ್ಷಿಸುವ ಅಭ್ಯಾಸ ಅವಳ ಜೊತೆಗೆ ಬರುತ್ತದೆ. ಆ ಅಭ್ಯಾಸಕ್ಕೆ ನಾಲ್ಕು ಪಾತಿ ನೆಲ ಒದಗಿಸುವ ನಿರ್ಣಯವನ್ನು ಈ ಮುಂಗಾರಿಗೆ ಮೊದಲೇ ಕೈಗೊಂಡರೆ, ಶಾಲೆ ತೆರೆಯುವ ದಿನ ಬಿತ್ತನೆಯೂ ಆಗುತ್ತದೆ.